ಬಾಗಿಲಿಗೆ ನೇತು ಹಾಕಿರೋ ಬೋರ್ಡು, ಕೆಳಮನೆ ಅಜ್ಜಿ, ನನ್ನ ಮಿಕ್ಸಿ: ಸ್ಟುಟ್‌ಗಾರ್ಟ್‌ನಲ್ಲಿ ಇರೋರು ಸ್ವಲ್ಪ ಹೇಳಿ

ಮಂಡಕ್ಕಿ ಮೆಣಸಿನಕಾಯಿ (ಪ್ರಶ್ನೆ)

ನಮಸ್ಕಾರ. ಜರ್ಮನಿಯ ಸ್ಟುಟ್‌ಗಾರ್ಟ್ ಸುತ್ತಮುತ್ತ ಇರೋ ಕನ್ನಡದವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ಹೇಳಿ.

ನಾವು ದಾವಣಗೆರೆಯವರು. ನಮ್ಮನೆಯವರಿಗೆ ಇಲ್ಲಿ ಕಾರಿನ ಸಾಫ್ಟ್‌ವೇರ್ ಕೆಲಸ. ಸೆಪ್ಟೆಂಬರಿನಲ್ಲಿ ಬಂದು ಮೊದಲು ಕಂಪನಿಯವರು ಕೊಟ್ಟ ಫ್ಲಾಟಿನಲ್ಲಿದ್ದೆವು. ಈಗ ಊರಿನ ಫೊಯರ್‌ಬಾಖ್ ಬಡಾವಣೆಯಲ್ಲಿ ಬಾಡಿಗೆ ಮನೆ ಸಿಕ್ಕಿದೆ. ಎರಡನೇ ಮಹಡಿ. ಮಹಡಿಗೆ ಎರಡೆರಡು ಮನೆ, ಒಟ್ಟು ಎಂಟು. ಮಗನಿಗೆ ಐದು ವರ್ಷ. ನಾನು ಊರಲ್ಲಿ ಪಿಯು ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಮಾಡುತ್ತಿದ್ದೆ. ಇಲ್ಲಿ ಸದ್ಯಕ್ಕೆ ಮನೆಯಲ್ಲೇ.

ದೊಡ್ಡ ಕೆಲಸಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಅದಕ್ಕೆ ಮಾಲೀಕರು ಸಹಿ ಹಾಕಿದ ಕಾಗದ ಬೇಕು, ಆಮೇಲೆ ಟ್ಯಾಕ್ಸ್ ನಂಬರು ಪೋಸ್ಟಿನಲ್ಲಿ ಬರುತ್ತೆ. ಅದೆಲ್ಲ ಆಯಿತು. ಮನೆ ನೋಡಲು ಹೋದಾಗ ಅಡುಗೆಮನೆ ಅಂತ ತೋರಿಸಿದ ಕೋಣೆಯಲ್ಲಿ ಗೋಡೆಯಿಂದ ಎರಡು ಪೈಪು ಹೊರಗೆ ಬಂದಿದ್ದವು, ಅಷ್ಟೇ. ಸಿಂಕ್ ಇಲ್ಲ, ಒಲೆ ಇಲ್ಲ, ಕಟ್ಟೆ ಇಲ್ಲ. ಹಿಂದಿನವರು ಎಲ್ಲ ಬಿಚ್ಚಿಕೊಂಡು ಹೋಗಿದ್ದರು. ಅದನ್ನೂ ಕೂರಿಸಿದ್ದಾಯಿತು. ಅಲ್ಲಿವರೆಗೂ ಬಚ್ಚಲಿನ ವಾಷ್‌ಬೇಸಿನ್‌ನಲ್ಲೇ ಅಕ್ಕಿ ತೊಳೆದೆ.

ಈಗ ತಲೆಬಿಸಿ ಇರೋದು ಮೆಟ್ಟಿಲ ಹತ್ತಿರ. ಹೋದ ಭಾನುವಾರ ಸಂಜೆ ಹೊರಗೆ ಹೋಗೋಣ ಅಂತ ಬಾಗಿಲು ತೆಗೆದರೆ ಹಿಡಿಕೆಗೆ ಒಂದು ಮರದ ಬೋರ್ಡು ನೇತು ಹಾಕಿದ್ದಾರೆ. ಅಂಗೈ ಅಗಲ ಇರಬಹುದು. ದಾರ ಕಟ್ಟಿದೆ, ಪೊರಕೆ ಚಿತ್ರ ಇದೆ, 'ಕೇರ್‌ವೊಖೆ' ಅಂತ ಬರೆದಿದೆ. ಫೋನಿನಲ್ಲಿ ಹುಡುಕಿದೆ. ಈ ವಾರ ಗುಡಿಸುವ ಪಾಳಿ ನಮ್ಮದು ಅಂತ ಗೊತ್ತಾಯಿತು. ಆದರೆ ಎಲ್ಲಿಂದ ಎಲ್ಲಿಗೆ ಗುಡಿಸಬೇಕು? ಬರೀ ಗುಡಿಸಿದರೆ ಸಾಕಾ, ಒರೆಸಬೇಕಾ? ಗುಡಿಸಿದ ಮೇಲೆ ಬೋರ್ಡನ್ನು ಏನು ಮಾಡಬೇಕು?

ಎರಡನೇದು ಮಿಕ್ಸಿ. ಊರಿಂದ ತಂದದ್ದು, 750 ವ್ಯಾಟ್. ಕರೆಂಟು ಇಲ್ಲೂ 230 ವೋಲ್ಟ್ ಆದ್ದರಿಂದ ಅಡಾಪ್ಟರ್ ಹಾಕಿದರೆ ಸಾಕು, ಚೆನ್ನಾಗಿ ಓಡುತ್ತೆ. ಓಡುತ್ತೆ ಅಂದರೆ ಅದರ ಸದ್ದು ನಿಮಗೆ ಗೊತ್ತಲ್ಲ. ನಮ್ಮ ಕೆಳಗೆ ಒಬ್ಬ ಅಜ್ಜಿ ಒಬ್ಬರೇ ಇದ್ದಾರೆ. ಎಂಬತ್ತರ ಹತ್ತಿರ ಇರಬಹುದು. ನಾನು ದೋಸೆಗೆ ರುಬ್ಬಿದ ಮರುದಿನವೇ ನಮ್ಮ ಪೋಸ್ಟ್ ಡಬ್ಬಿಯಲ್ಲಿ ಅವರು ಕೈಯಲ್ಲಿ ಬರೆದ ಚೀಟಿ ಇತ್ತು. ಅಕ್ಷರ ಎಷ್ಟು ಹಳೇ ಕಾಲದ್ದು ಅಂದರೆ ಫೋನಿನ ಅನುವಾದದ ಆಪ್‌ಗೂ ಓದೋಕೆ ಆಗಲಿಲ್ಲ. ನಮ್ಮನೆಯವರು 'ಆಫೀಸಿನಲ್ಲಿ ಯಾರಿಗಾದರೂ ತೋರಿಸ್ತೀನಿ' ಅಂತ ಜೇಬಿಗೆ ಹಾಕಿಕೊಂಡರು, ಇನ್ನೂ ಜೇಬಿನಲ್ಲೇ ಇದೆ.

ನಿಜ ಹೇಳಬೇಕೆಂದರೆ ಈಗ ಕಸ ಹಾಕೋಕೆ ಕೆಳಗೆ ಹೋಗೋ ಮೊದಲು ಬಾಗಿಲಿನ ಕಿಂಡಿಯಲ್ಲಿ ನೋಡಿ, ಮೆಟ್ಟಿಲ ಮೇಲೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಹೊರಡುತ್ತಿದ್ದೇನೆ. ದಾವಣಗೆರೆಯಲ್ಲಿ ಅಕ್ಕಪಕ್ಕದವರ ಮನೆ ಹಿತ್ತಲಿಂದಲೇ ಒಳಗೆ ಹೋಗುತ್ತಿದ್ದವಳು ನಾನು! ಅಜ್ಜಿ ಹತ್ತಿರ ಹೋಗಿ ಮಾತಾಡಲಾ? ಹೋದರೆ ಏನಾದರೂ ತಗೊಂಡು ಹೋಗಬೇಕಾ? ಜರ್ಮನ್ ನನಗೆ 'ಗ್ರೂಸ್ ಗಾಟ್', 'ಡಾಂಕೆ' ಬಿಟ್ಟರೆ ಅಷ್ಟಕ್ಕಷ್ಟೇ.

ಆಡುಗೋಡಿ ಟು ಲಿಯೋನ್‌ಬೆರ್ಗ್

ಮೇಡಂ, ಸ್ವಾಗತ. ಬೋರ್ಡು ಬಂತು ಅಂದರೆ ನಿಮ್ಮನ್ನು ಮನೆಯವರ ಲೆಕ್ಕಕ್ಕೆ ಸೇರಿಸಿಕೊಂಡರು ಅಂತ. ಹೆದರಬೇಡಿ.

ನಿಮಗೆ ಬಂದಿರೋದು ಬಹುಶಃ ಚಿಕ್ಕ ಪಾಳಿ. ನಿಮ್ಮ ಬಾಗಿಲ ಮುಂದಿನ ಜಾಗ, ಅಲ್ಲಿಂದ ಕೆಳಗಿನ ಮಹಡಿವರೆಗಿನ ಮೆಟ್ಟಿಲು, ಕೈಕಂಬಿ, ಕಿಟಕಿ ಇದ್ದರೆ ಅದರ ಕಟ್ಟೆ. ಇದನ್ನು ನೀವು ಮತ್ತು ಎದುರುಮನೆಯವರು ವಾರ ಬಿಟ್ಟು ವಾರ ಮಾಡಬೇಕು. ದೊಡ್ಡ ಪಾಳಿ ಅಂತ ಇನ್ನೊಂದಿದೆ. ಅದಕ್ಕೆ ಬೇರೆ ಬೋರ್ಡು, ಅದು ಎಂಟೂ ಮನೆಗೆ ಸುತ್ತು ಬರುತ್ತೆ. ಮುಂಬಾಗಿಲು, ಹೊರಗಿನ ಕಾಲುದಾರಿ, ಕಸದ ಡಬ್ಬಿ ಇಡೋ ಜಾಗ, ನೆಲಮಾಳಿಗೆಗೆ ಇಳಿಯೋ ಮೆಟ್ಟಿಲು, ಚಳಿಗಾಲದಲ್ಲಿ ಹಿಮ ಎತ್ತೋದು ಎಲ್ಲ ಅದರಲ್ಲಿ ಬರುತ್ತೆ. ಮುಂಬಾಗಿಲ ಹತ್ತಿರ ಎಲ್ಲೋ ಒಂದು ಪಟ್ಟಿ ಅಂಟಿಸಿರುತ್ತಾರೆ, ನೋಡಿ.

ಮಾಡೋ ಕ್ರಮ ಹೇಳುತ್ತೇನೆ. ಶನಿವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಶುರು ಮಾಡಿ. ಮೊದಲು ಕಾಲೊರೆಸುವ ಮ್ಯಾಟ್ ಎತ್ತಿ ಗೋಡೆಗೆ ಒರಗಿಸಿ. ಮೇಲಿಂದ ಕೆಳಕ್ಕೆ ಗುಡಿಸಿ. ಮೆಟ್ಟಿಲಿನ ಮೂಲೆಯಲ್ಲಿ ಧೂಳು ಕೂತಿರುತ್ತೆ, ಅಲ್ಲಿಗೆ ಸಣ್ಣ ಬ್ರಷ್ ಹಾಕಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಬಕೆಟ್ಟನ್ನು ಒಂದೊಂದು ಮೆಟ್ಟಿಲು ಇಳಿಸುವಾಗ ಸ್ವಲ್ಪ ಠಣ್ ಅನ್ನಲಿ. ತಮಾಷೆ ಅಲ್ಲ, ಇಲ್ಲಿ ಗುಡಿಸೋದರಲ್ಲಿ ಅರ್ಧ ಪುಣ್ಯ ಕೇಳಿಸೋದರಲ್ಲೇ ಇದೆ. ಮ್ಯಾಟ್‌ಗಳು ನೆಲ ಒಣಗೋವರೆಗೂ ಗೋಡೆಗೆ ಒರಗಿರಲಿ. ಹೋಗೋರು ಬರೋರು ನೋಡುತ್ತಾರೆ. ಭಾನುವಾರ ಬೋರ್ಡನ್ನು ಎದುರುಮನೆ ಹಿಡಿಕೆಗೆ ಹಾಕಿ, ಮುಗಿಯಿತು.

ಇದು ಅಜ್ಜಿ ಹುಟ್ಟುಹಾಕಿದ ನಿಯಮ ಅಲ್ಲ. ಈ ಸೀಮೆಯ, ಅಂದರೆ ವ್ಯೂರ್ಟೆಂಬೆರ್ಗ್‌ನ ದೊರೆ ಎಬರ್‌ಹಾರ್ಡ್ ಕಾಲದಲ್ಲಿ, 1492ರ ನಗರ ನಿಯಮದಲ್ಲೇ, ಜನ ವಾರ ವಾರ ತಮ್ಮ ಕಸ ಹೊರಗೆ ಸಾಗಿಸಬೇಕು ಅಂತ ಇತ್ತಂತೆ. ಸ್ಟುಟ್‌ಗಾರ್ಟ್ ನಗರಸಭೆ 1988ರಲ್ಲಿ ಗುಡಿಸೋ ಪಾಳಿಯ ತನ್ನ ಕಡ್ಡಾಯ ನಿಯಮ ತೆಗೆದುಹಾಕಿತು. ಆಗ ಮೇಯರ್ ಆಗಿದ್ದವರು ಮಾನ್‌ಫ್ರೆಡ್ ರೊಮೆಲ್. ಆದರೂ ಪದ್ಧತಿ ಬಾಡಿಗೆ ಕರಾರಿನಲ್ಲಿ ಉಳಿದುಕೊಂಡಿದೆ. ನಿಮ್ಮ ಕರಾರಿನಲ್ಲಿ, ಅದಕ್ಕೆ ಲಗತ್ತಿಸಿದ ಮನೆ ನಿಯಮದಲ್ಲಿ ಇದ್ದರೆ ಮಾಡಲೇಬೇಕು. ಒಮ್ಮೆ ತೆಗೆದು ಓದಿ.

ಚೀಟಿಯ ಫೋಟೋ ಇಲ್ಲಿ ಹಾಕಿ. ನನಗೆ ಆ ಅಕ್ಷರ ಸ್ವಲ್ಪ ಅಭ್ಯಾಸ ಆಗಿದೆ.

ಬರ್ಲಿನ್ ಬಸಣ್ಣ

ಅಯ್ಯೋ ದೇವರೇ, ಇನ್ನೂ ಇದೆಯಾ ಇದು? ಬರ್ಲಿನ್‌ನಲ್ಲಿ ನಮ್ಮ ಮೆಟ್ಟಿಲು ಗುಡಿಸೋಕೆ ಕಂಪನಿಯವರು ಬರುತ್ತಾರೆ, ದುಡ್ಡು ನಿರ್ವಹಣೆ ಖರ್ಚಿನಲ್ಲಿ ಸೇರಿರುತ್ತೆ. ಅಕ್ಕಪಕ್ಕ ಯಾರಿದ್ದಾರೆ ಅಂತಾನೇ ಗೊತ್ತಿಲ್ಲ. ಎಂಟೂ ಮನೆಯವರು ಒಪ್ಪಿ ಮಾಲೀಕರಿಗೆ ಹೇಳಿದರೆ ನಿಮ್ಮಲ್ಲೂ ಅದೇ ವ್ಯವಸ್ಥೆ ಮಾಡಿಕೊಳ್ಳಬಹುದು. ಚೀಟಿಗೀಟಿಗೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡಬೇಡಿ, ಭಾನುವಾರ ಮಾಡಬೇಡಿ, ಉಳಿದ ಹೊತ್ತು ನಿಮ್ಮ ಮನೆ ನಿಮ್ಮಿಷ್ಟ.

ಆಡುಗೋಡಿ ಟು ಲಿಯೋನ್‌ಬೆರ್ಗ್

ಬಸಣ್ಣ, ಆ ಎಂಟು ಮನೆಯಲ್ಲಿ ಕೊನೇಪಕ್ಷ ಮೂವರು ನಲವತ್ತು ವರ್ಷದಿಂದ ಗುಡಿಸಿಕೊಂಡು ಬಂದಿರುತ್ತಾರೆ. ಈಗ ಬಂದವರು ಹೋಗಿ 'ದುಡ್ಡು ಕೊಟ್ಟು ಮಾಡಿಸೋಣ' ಅಂದರೆ ಆಯಿತು ಕಥೆ. ಬೇಕಾದರೆ ನೀವೇ ಬಂದು ಹೇಳಿ.

ಇನ್ನೊಂದು ಮಾತು ಮೇಡಂ. ಸಾಕಷ್ಟು ಮನೆ ನಿಯಮಗಳಲ್ಲಿ ಮಧ್ಯಾಹ್ನ ಒಂದರಿಂದ ಮೂರೂ ಸದ್ದಿಲ್ಲದ ಹೊತ್ತು. ನಿಮ್ಮದರಲ್ಲಿ ಇದೆಯಾ ನೋಡಿಕೊಳ್ಳಿ. ಮಗು ಓಡಾಡೋ, ಅಳೋ ಸದ್ದಿಗೆ ಮಾತ್ರ ಹೆದರಬೇಡಿ. ಮಕ್ಕಳ ಸದ್ದನ್ನು ಸಾಮಾನ್ಯವಾಗಿ ಸಹಿಸಿಕೊಳ್ಳಲೇಬೇಕು ಅನ್ನೋದು ಇಲ್ಲಿನ ಕಾನೂನಿನ ಧೋರಣೆ.

ಶಿರಸಿ ಕಡೆಯವಳು

ಅಕ್ಕಾ, ನಾನು ಎಸ್‌ಲಿಂಗೆನ್‌ನಲ್ಲಿದ್ದೇನೆ. ಫೊಯರ್‌ಬಾಖ್‌ನಿಂದ ಲೋಕಲ್ ರೈಲಿನಲ್ಲಿ ಬರಬಹುದು. ಮಿಕ್ಸಿ ಬಗ್ಗೆ ನಾನು ಹೇಳುತ್ತೇನೆ, ಗಂಡಸರಿಗೆ ಇದು ಗೊತ್ತಾಗಲ್ಲ.

ಮಿಕ್ಸಿಯ ಸದ್ದು ಗಾಳಿಯಲ್ಲಿ ಹೋಗೋದಕ್ಕಿಂತ ಕಟ್ಟೆಯ ಮೂಲಕ ಜಾಸ್ತಿ ಇಳಿಯುತ್ತೆ. ಕಟ್ಟೆ ಗೋಡೆಗೆ ತಾಗಿರುತ್ತೆ, ಗೋಡೆ ಕೆಳಮನೆಗೆ. ಆದ್ದರಿಂದ ಕಟ್ಟೆ ಮೇಲೆ ಇಟ್ಟು ರುಬ್ಬಬೇಡಿ. ನಾನು ಊಟದ ಮೇಜನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು, ದಪ್ಪ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಮಿಕ್ಸಿ ಇಡುತ್ತೇನೆ. ವಾಷಿಂಗ್ ಮೆಷಿನ್ ಕೆಳಗೆ ಹಾಕೋ ರಬ್ಬರ್ ಮ್ಯಾಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ, ಅದನ್ನು ಕತ್ತರಿಸಿ ಕೆಳಗೆ ಇಟ್ಟರೆ ಇನ್ನೂ ಒಳ್ಳೇದು. ಉದ್ದು ಚೆನ್ನಾಗಿ ನೆನೆದಿರಲಿ. ನೀರು ಫ್ರಿಜ್‌ನಿಂದ ತೆಗೆದದ್ದು ಹಾಕಿ, ಜಾರು ಬಿಸಿಯಾಗಲ್ಲ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ರುಬ್ಬಿ ಮುಗಿಸಿಬಿಡಿ. ಆ ಹೊತ್ತಿಗೆ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ವ್ಯಾಕ್ಯೂಮ್ ಓಡುತ್ತಿರುತ್ತೆ, ನಿಮ್ಮದು ಅದರಲ್ಲಿ ಸೇರಿಹೋಗುತ್ತೆ.

ದೋಸೆ ಅಕ್ಕಿಗೆ ಇಂಡಿಯನ್ ಅಂಗಡಿಗೇ ಹೋಗಬೇಕಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಪಾಯಸಕ್ಕೆ ಅಂತ ಮಾರೋ ಗುಂಡಕ್ಕಿ ಇದೆ, ಮಿಲ್ಖ್‌ರೈಸ್ ಅಂತ ಅರ್ಧ ಕಿಲೋ ಪ್ಯಾಕೆಟ್. ಮೂರು ಲೋಟ ಅದು, ಒಂದು ಲೋಟ ಉದ್ದು, ಸ್ವಲ್ಪ ಮೆಂತ್ಯ. ನಿಮ್ಮ ಬೆಣ್ಣೆ ದೋಸೆಗೆ ಬೇಕಾದ ಮಂಡಕ್ಕಿ ಮಾತ್ರ ಶ್ರೀಲಂಕಾ ತಮಿಳರ ಅಂಗಡಿಯಲ್ಲಿ ಕೇಳಿ ನೋಡಿ. ಹಿಟ್ಟು ಉಬ್ಬಲು ಓವನ್ ಒಳಗೆ ಇಟ್ಟು ಬರೀ ಲೈಟ್ ಹಾಕಿ ಬಿಡಿ, ಬಿಸಿ ಮಾಡಬೇಡಿ. ಕೆಳಗೆ ಒಂದು ತಟ್ಟೆ ಇರಲಿ. ಇಲ್ಲದಿದ್ದರೆ ಬೆಳಿಗ್ಗೆ ಓವನ್ ತೊಳೆಯೋದೇ ತಿಂಡಿ.

ಬೆಣ್ಣೆ ಇಲ್ಲಿ ನಮ್ಮೂರಿಗಿಂತ ಚೆನ್ನಾಗಿದೆ ಅಂದರೆ ದಾವಣಗೆರೆಯವರು ಬೈಯಬೇಡಿ! 250 ಗ್ರಾಂ ಪ್ಯಾಕೆಟ್, ಉಪ್ಪಿಲ್ಲದ್ದು ನೋಡಿ ತಗೊಳ್ಳಿ. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ, ಗಸಿ ಹೊಂಬಣ್ಣಕ್ಕೆ ಬಂದಾಗ ಒಂದು ವೀಳ್ಯದೆಲೆ ಸಿಕ್ಕರೆ ಹಾಕಿ. ಊರಿಂದ ತುಪ್ಪ ತರಿಸಬೇಡಿ. ಹೊರದೇಶದಿಂದ ಹಾಲಿನ ಪದಾರ್ಥ ಲಗೇಜಿನಲ್ಲಿ ತರೋ ಹಾಗೇ ಇಲ್ಲ, ತುಪ್ಪವೂ ಸೇರಿ. ಹಸಿ ಕರಿಬೇವೂ ಹಾಗೆಯೇ. ಅದಕ್ಕೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. 2019ರ ಡಿಸೆಂಬರಿನಿಂದ ಗಟ್ಟಿ ಮಾಡಿದ್ದಾರೆ. ತೆಂಗಿನಕಾಯಿ, ಬಾಳೆಹಣ್ಣಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ. ನಮ್ಮತ್ತೆ ಪಾಪ ಕಟ್ಟಿಕೊಟ್ಟ ತುಪ್ಪದ ಡಬ್ಬಿ ವಿಮಾನ ನಿಲ್ದಾಣದ ಕಸಕ್ಕೆ ಹೋಯಿತು. ಇವತ್ತಿಗೂ ಅವರಿಗೆ ಹೇಳಿಲ್ಲ.

ಅಜ್ಜಿ ವಿಷಯ. ಬಸಣ್ಣನವರ ಮಾತು ಕೇಳಬೇಡಿ, ಹೋಗಿ. ಊಟದ ಹೊತ್ತು ಬೇಡ. ನಾಲ್ಕು ಗಂಟೆ ಹೊತ್ತಿಗೆ ಅವರು ಕಾಫಿ ಕೇಕ್ ಹಾಕಿಕೊಂಡು ಕೂತಿರುತ್ತಾರೆ, ಆಗ ಹೋಗಿ. ಖಾರ ಕಮ್ಮಿ ಮಾಡಿದ ಚಕ್ಕುಲಿ ಒಂದು ಡಬ್ಬಿ ಸಾಕು. ಮೈಸೂರು ಪಾಕ್ ಬೇಡ, ಅವರಿಗೆ ಅಷ್ಟು ಸಿಹಿ ಆಗಲ್ಲ. ಒಳಗೆ ಕರೆದರೆ ಚಪ್ಪಲಿ ಬಿಡಲಾ ಅಂತ ಸನ್ನೆಯಲ್ಲಿ ಕೇಳಿ.

ನಿಮ್ಮ ಯಜಮಾನರು ಬ್ಲೂ ಕಾರ್ಡ್‌ನಲ್ಲಿ (ನುರಿತ ಕೆಲಸಗಾರರಿಗೆ ಕೊಡೋ ವಾಸದ ಪರವಾನಗಿ) ಬಂದಿದ್ದರೆ ನಿಮಗೂ ಕೆಲಸ ಮಾಡಲು ಪರವಾನಗಿ ಮೊದಲ ದಿನದಿಂದಲೇ ಇರುತ್ತೆ, ಕಾರ್ಡಿನಲ್ಲಿ ಬರೆದಿರುತ್ತೆ ನೋಡಿ. ಭಾಷೆಗೆ ಸರ್ಕಾರದ ಇಂಟಿಗ್ರೇಷನ್ ಕೋರ್ಸ್ ಇದೆ. ಸಾಮಾನ್ಯವಾಗಿ 600 ಪಾಠ ಭಾಷೆಗೆ, 100 ಪಾಠ ಇಲ್ಲಿನ ಕಾನೂನು, ಇತಿಹಾಸ, ಬದುಕಿಗೆ. ಮಗನನ್ನು ಬಿಟ್ಟು ಬಂದು ಬೆಳಿಗ್ಗೆ ಹೋಗಬಹುದು. ನನ್ನ ಜೊತೆ ಕೂತವರು ಒಬ್ಬರು ಸಿರಿಯಾದ ದಂತವೈದ್ಯೆ, ಒಬ್ಬರು ಉಕ್ರೇನ್‌ನ ಅಕೌಂಟೆಂಟ್. ನೀವೂ ಅಕೌಂಟೆನ್ಸಿ ಅಂದಿರಿ, ಸುಮ್ನೆ ಮನೆಯಲ್ಲಿ ಕೂರಬೇಡಿ.

ಮಗನಿಗೆ ಮುಂದಿನ ಜೂನ್ 30ರೊಳಗೆ ಆರು ತುಂಬುತ್ತಾ? ತುಂಬಿದರೆ ಸೆಪ್ಟೆಂಬರಿಗೆ ಒಂದನೇ ಕ್ಲಾಸು. ಪೋಸ್ಟಿನಲ್ಲಿ ಬರೋ ಕಾಗದ ಯಾವುದನ್ನೂ ಯಜಮಾನರ ಜೇಬಿಗೆ ಹೋಗೋಕೆ ಬಿಡಬೇಡಿ.

ಮಂಡಕ್ಕಿ ಮೆಣಸಿನಕಾಯಿ

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಗುಡಿಸಿದೆ, ಒರೆಸಿದೆ, ಬಕೆಟ್ಟು ಠಣ್ ಅನ್ನಿಸಿದೆ. ಮಗ ಕೈಕಂಬಿ ಒರೆಸಿದ. ಮೂರನೇ ಮಹಡಿಯಿಂದ ಇಳಿದು ಬಂದವರು ಒದ್ದೆ ಮೆಟ್ಟಿಲು ನೋಡಿ ತುದಿಗಾಲಿನಲ್ಲಿ ಹೋದರು. ಮೊದಲ ಸಲ ನಕ್ಕರು.

ಚೀಟಿ ಜೇಬಿನಿಂದ ವಾಷಿಂಗ್ ಮೆಷಿನ್‌ಗೆ ಹೋಗಿ ಹಿಟ್ಟಾಗಿದೆ. ಆದ್ದರಿಂದ ಫೋಟೋ ಇಲ್ಲ, ಆಡುಗೋಡಿ ಸರ್. ನೇರವಾಗಿ ಹೋಗದೆ ಬೇರೆ ದಾರಿ ಇರಲಿಲ್ಲ. ನಿನ್ನೆ ನಾಲ್ಕಕ್ಕೆ ಚಕ್ಕುಲಿ ಡಬ್ಬಿ ಹಿಡಿದು, ಮಗನನ್ನೂ ಕರೆದುಕೊಂಡು ಬೆಲ್ ಒತ್ತಿದೆ.

ಅಜ್ಜಿ ಬಾಗಿಲು ತೆಗೆದು ನನ್ನನ್ನು ನೋಡಿದರು, ಡಬ್ಬಿ ನೋಡಿದರು, ಮಗನನ್ನು ನೋಡಿ ಏನೋ ಉದ್ದಕ್ಕೆ ಹೇಳಿದರು. ಫೋನ್ ಅವರ ಮುಂದೆ ಹಿಡಿದೆ. ಅವರು ಮಾತಾಡೋದು ಪಕ್ಕಾ ಇಲ್ಲಿನ ಆಡುಮಾತು ಶ್ವೇಬಿಷ್, ಆಪ್‌ಗೆ ಒಂದಕ್ಷರ ಹತ್ತಲಿಲ್ಲ. ತೆರೆಯ ಮೇಲೆ ಏನೇನೋ ಬಂತು, ಕೊನೆಗೆ 'ಆಲೂಗಡ್ಡೆ' ಅಂತ ಬಂತು. ಅವರೇ ಕನ್ನಡಕ ಹಾಕಿಕೊಂಡು ನೋಡಿ ಕೈ ಆಡಿಸಿದರು. ಆಮೇಲೆ ಮಗನ ಕೈ ಹಿಡಿದು ಕೆಳಗೆ ಕರೆದುಕೊಂಡು ಹೋದರು. ನಾನು ಹಿಂದೆ.

ಮುಂಬಾಗಿಲ ಒಳಗೆ, ಪೋಸ್ಟ್ ಡಬ್ಬಿಗಳ ಕೆಳಗೆ ಮಗನ ಸ್ಕೂಟರ್ ಇತ್ತು. ಎರಡು ಚಕ್ರದ, ಕಾಲಲ್ಲಿ ತಳ್ಳೋ ಸ್ಕೂಟರ್. ದಿನಾ ಅಲ್ಲೇ ಬಿಡುತ್ತಾನೆ. ಅಜ್ಜಿ ಗೋಡೆ ಮೇಲಿನ ಹಸಿರು ಚಿತ್ರ ತೋರಿಸಿದರು, ಬೆಂಕಿ ಬಿದ್ದರೆ ಓಡೋ ಮನುಷ್ಯನದ್ದು. ಆಮೇಲೆ ತಾವೇ ಆ ಸ್ಕೂಟರ್ ಎಡವಿ ಬಿದ್ದ ಹಾಗೆ ನಾಟಕ ಮಾಡಿ ತೋರಿಸಿದರು, ಗೋಡೆ ಹಿಡಿದುಕೊಂಡು. ಮಗನಿಗೆ ಖುಷಿಯೋ ಖುಷಿ, ಇನ್ನೊಂದು ಸಲ ಮಾಡಿ ಅಂದ. ಚೀಟಿ ಅದಕ್ಕಂತೆ! ನೆಲಮಾಳಿಗೆಯಲ್ಲಿ ನಮ್ಮ ಮನೆಗೂ ಒಂದು ಕಟಕಟೆ ಗೂಡು ಇದೆ, ಸ್ಕೂಟರ್ ಅಲ್ಲಿಡಿ ಅಂತ ಬೀಗ ತೆಗೆದು ತೋರಿಸಿದರು. ಆ ಬೀಗದ ಕೈ ಯಾವುದಕ್ಕೆ ಅಂತ ನಾವು ಬಂದಾಗಿನಿಂದ ಯೋಚನೆ ಮಾಡುತ್ತಿದ್ದೆವು.

ಮಿಕ್ಸಿ ವಿಷಯ ನಾನೇ ಎತ್ತಿದೆ. ಸದ್ದು ಮಾಡಿ ತೋರಿಸಿದೆ. ಅವರು ಓ ಅಂದರು. ಗೋಡೆಗೆ ಡ್ರಿಲ್ ಹಾಕುತ್ತಿದ್ದೀರಿ, ಅಡುಗೆಮನೆ ಇನ್ನೂ ಕೂರಿಸುತ್ತಿದ್ದೀರಿ ಅಂದುಕೊಂಡಿದ್ದರಂತೆ. ಕ್ಯಾಲೆಂಡರ್ ತಂದು ಶನಿವಾರದ ಮೇಲೆ ಬೆರಳಿಟ್ಟು ತಲೆ ಆಡಿಸಿದರು, ಭಾನುವಾರದ ಮೇಲೆ ಇಟ್ಟು ಇಲ್ಲ ಅಂದರು. ಅಲ್ಲಿಗೆ ಅದು ಇತ್ಯರ್ಥ.

ಆಮೇಲೆ ಕಾಫಿ ಕೊಟ್ಟರು. ಕೂತು ಮೂರನೇ ಮಹಡಿಯವರ ಮೇಲೆ ದೂರು ಶುರು ಮಾಡಿದರು. ಭಾಷೆ ಬರದಿದ್ದರೂ ದೂರು ಅರ್ಥ ಆಗುತ್ತೆ ನೋಡಿ. ಬೆರಳು ಮೇಲೆ, ಹುಬ್ಬು ಮೇಲೆ, ಪೊರಕೆ ಹಿಡಿದು ಗಾಳಿಗೆ ಎರಡು ಸಲ ಬೀಸಿ, 'ಫೆರ್ಟಿಗ್' ಅಂತ ಕೈ ಒರೆಸಿಕೊಂಡರು. ಮೂರನೇ ಮಹಡಿಯವರು ಎರಡೇ ಏಟಿಗೆ ಗುಡಿಸಿದ್ದು ಮುಗಿಯಿತು ಅಂತಾರೆ, ಅಂತ. ನಮ್ಮ ಕೆ.ಬಿ. ಬಡಾವಣೆಯ ಪಕ್ಕದ ಮನೆ ಆಂಟಿ ಎದುರು ಕೂತ ಹಾಗಾಯಿತು. ಚಕ್ಕುಲಿ ಒಂದೊಂದೇ ಎಣಿಸಿ ತಿಂದು, ಉಳಿದಿದ್ದನ್ನು ಡಬ್ಬಿ ಸಮೇತ ಬೀರುವಿಗೆ ಹಾಕಿದರು. ಡಬ್ಬಿ ವಾಪಸ್ ಬರುತ್ತಾ ಇಲ್ವಾ ಗೊತ್ತಿಲ್ಲ, ಸ್ಟೀಲಿನದು.

ಶಿರಸಿ ಅಕ್ಕ, ಕಾರ್ಡಿನಲ್ಲಿ ಬರೆದದ್ದು ನೋಡಿದೆ, ಕೆಲಸಕ್ಕೆ ಪರವಾನಗಿ ಇದೆ. ಕೋರ್ಸಿಗೆ ಹೆಸರು ಕೊಡೋಕೆ ಬುಧವಾರ ಹೋಗುತ್ತಿದ್ದೇನೆ. ಮಗನಿಗೆ ಮೇ ತಿಂಗಳಲ್ಲಿ ಆರು ತುಂಬುತ್ತೆ.

ಈಗ ಹೊಸ ಪ್ರಶ್ನೆ. ಮುಂಬಾಗಿಲ ಪಟ್ಟಿ ನೋಡಿದೆ. ಡಿಸೆಂಬರ್ ಮೂರನೇ ವಾರ ದೊಡ್ಡ ಪಾಳಿ ನಮ್ಮದು. ಆ ವಾರ ಮ್ಯೂನಿಕ್‌ನಲ್ಲಿ ನಮ್ಮ ಭಾವನ ಮನೆಗೆ ಹೋಗೋದು ನಿಕ್ಕಿಯಾಗಿದೆ, ಟಿಕೆಟ್ಟೂ ಆಗಿದೆ. ಹಿಮ ಬಿದ್ದರೆ ಯಾರು ಎತ್ತುತ್ತಾರೆ? ಹಿಮ ಎತ್ತೋದಾದರೂ ಹೇಗೆ? ನಾನು ಹಿಮ ನೋಡಿರೋದು ಫ್ರೀಜರ್‌ನಲ್ಲಿ.

ಆಡುಗೋಡಿ ಟು ಲಿಯೋನ್‌ಬೆರ್ಗ್

ಮೇಡಂ, ಈಗಲೇ ಅದಲುಬದಲು ಮಾಡಿಕೊಳ್ಳಿ. ಪಟ್ಟಿಯಲ್ಲಿ ನಿಮ್ಮ ಹೆಸರಿದ್ದ ವಾರ ಹಿಮ ಎತ್ತದೆ ಯಾರಾದರೂ ಜಾರಿ ಬಿದ್ದರೆ ಜವಾಬ್ದಾರಿ ನಿಮ್ಮ ತಲೆಗೆ ಬರಬಹುದು. ಇದು ಮೆಟ್ಟಿಲ ಧೂಳಿನ ಹಾಗಲ್ಲ. ಸ್ಟುಟ್‌ಗಾರ್ಟ್‌ನಲ್ಲಿ ಕಾಲುದಾರಿ ವಾರದ ದಿನ ಬೆಳಿಗ್ಗೆ 7ಕ್ಕೆ, ಶನಿವಾರ 8ಕ್ಕೆ, ಭಾನುವಾರ ಮತ್ತು ರಜೆಯ ದಿನ 9ಕ್ಕೆ ಮುಂಚೆ ಓಡಾಡೋ ಹಾಗೆ ಆಗಿರಬೇಕು. ರಾತ್ರಿ ಬಿದ್ದರೆ ಐದೂವರೆಗೆ ಎದ್ದೇಳಬೇಕು.

ಅಗಲ ಬಾಯಿಯ ಹಿಮದ ಸಲಿಕೆ ಸಾಮಾನ್ಯವಾಗಿ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ್ದು ಒಂದು ಇರುತ್ತೆ. ಹಿಮ ಹಗುರ ಇರುವಾಗಲೇ ತಳ್ಳಿ, ತುಳಿದು ಗಟ್ಟಿಯಾದ ಮೇಲೆ ಬೆನ್ನು ಹೋಗುತ್ತೆ. ರಸ್ತೆಗೆ ತಳ್ಳಬೇಡಿ, ಕಾಲುದಾರಿಯ ಅಂಚಿಗೆ ಗುಡ್ಡೆ ಹಾಕಿ. ಆಮೇಲೆ ಸಣ್ಣ ಜಲ್ಲಿಪುಡಿ ಚೆಲ್ಲಿ. ಅದು ಹಾರ್ಡ್‌ವೇರ್ ಅಂಗಡಿಯಲ್ಲಿ ಚೀಲದಲ್ಲಿ ಸಿಗುತ್ತೆ. ಉಪ್ಪು ಸುರಿಯಬೇಡಿ.

ಅದಲುಬದಲಿಗೆ ಎದುರುಮನೆಯವರನ್ನು ಕೇಳಿ. ಅಜ್ಜಿಯನ್ನು ಕೇಳಬೇಡಿ, ಆ ವಯಸ್ಸಿಗೆ ಸಲಿಕೆ ಕೊಡೋದು ಸರಿಯಲ್ಲ. ಆದರೆ ನೀವು ಬದಲು ಮಾಡಿಕೊಂಡಿದ್ದೀರಿ ಅಂತ ಅವರಿಗೆ ಮೊದಲೇ ತಿಳಿಸಿಬಿಡಿ. ಒಪ್ಪಿಕೊಂಡವರ ಹೆಸರು ಪಟ್ಟಿಯಲ್ಲೂ ಪೆನ್ನಿನಲ್ಲಿ ಬರೆದು, ಕೆಳಗೆ ನಿಮ್ಮ ಸಹಿ ಹಾಕಿ.

ಶಿರಸಿ ಕಡೆಯವಳು

ಡಬ್ಬಿ ಬರುತ್ತೆ ಅಕ್ಕಾ, ಖಾಲಿ ಬರಲ್ಲ. ಕ್ರಿಸ್ಮಸ್ ಹತ್ತಿರ ಬಂತು, ಬಿಸ್ಕತ್ತು ತುಂಬಿ ಕೊಡುತ್ತಾರೆ. ಮೊಟ್ಟೆ ತಿನ್ನಲ್ಲ ಅಂತಿದ್ದರೆ ಈಗಲೇ ಹೇಳಿ ಇಡಿ.